ಹತ್ತು ಸಾವಿರದಲ್ಲಿ ಬಚ್ಚಲುಮನೆ: ಒಡೆಯದೆ ಎಷ್ಟು ಸರಿ ಮಾಡಬಹುದು?

ನಿಟುವಳ್ಳಿ_ಮನೆ · ಭಾನುವಾರ ಬೆಳಿಗ್ಗೆ

ನಮ್ಮದು ದಾವಣಗೆರೆಯ ನಿಟುವಳ್ಳಿಯಲ್ಲಿ 1996ರಲ್ಲಿ ಕಟ್ಟಿದ ಮನೆ. ಬಚ್ಚಲು ಐದಡಿ ಅಗಲ, ಏಳಡಿ ಉದ್ದ. ಕಮೋಡೂ ಅದರಲ್ಲೇ. ಗೋಡೆಗೆ ನಾಲ್ಕಡಿ ಎತ್ತರದವರೆಗೆ ಆಗಿನ ಕಾಲದ ಎಂಟು-ಹನ್ನೆರಡರ ಬಿಳಿ ಟೈಲ್ಸ್. ಬಿಳಿ ಅನ್ನುವುದು ಹಳೆಯ ನೆನಪು. ಈಗ ಅದು ಟೀ ಸೋಸುವ ಬಟ್ಟೆಯ ಬಣ್ಣ. ಟೈಲ್ಸ್ ಸಂದೆಲ್ಲ ಕಪ್ಪು. ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ. ಫ್ಲಶ್ ಟ್ಯಾಂಕ್ ತನ್ನಷ್ಟಕ್ಕೆ ತಾನೇ ಸುಂಯ್ ಅನ್ನುತ್ತಿರುತ್ತದೆ. ಸ್ನಾನ ಮಾಡುವ ಮೂಲೆಯಲ್ಲಿ ನೀರು ನಿಂತು ಲೋಳೆ ಕಟ್ಟಿದೆ.

ಅವ್ವನಿಗೆ 68. ಮಂಡಿನೋವು. ಹೋದ ತಿಂಗಳು ಆ ಲೋಳೆಯ ಮೇಲೆ ಕಾಲು ಜಾರಿತು. ಪುಣ್ಯಕ್ಕೆ ಬಾಗಿಲ ಚೌಕಟ್ಟು ಕೈಗೆ ಸಿಕ್ಕಿತು. ಅವತ್ತಿನಿಂದ ಬಚ್ಚಲಿಗೆ ಹೋಗುವಾಗ ಗೋಡೆ ತಡವಿಕೊಂಡು ಹೋಗುತ್ತಾಳೆ.

ಒಬ್ಬ ಕಂಟ್ರಾಕ್ಟರ್ ಬಂದು ನೋಡಿ, ಎಲ್ಲ ಒಡೆದು ಹೊಸದು ಮಾಡಲು ಒಂದು ಲಕ್ಷ ನಲವತ್ತು ಸಾವಿರ, ಹದಿನೈದು ದಿನ ಅಂದರು. ನನ್ನ ಹತ್ತಿರ ಇರುವುದು ಹತ್ತು ಸಾವಿರ, ಗೌರಿ ಹಬ್ಬಕ್ಕೆ ಇನ್ನು ಮೂರು ವಾರ. ಡ್ರಿಲ್ ಹಿಡಿಯಲು ಬರುತ್ತದೆ, ಅದಕ್ಕಿಂತ ಜಾಸ್ತಿ ಏನೂ ಗೊತ್ತಿಲ್ಲ. ಟೈಲ್ಸ್ ಮೇಲೆ ಸ್ಟಿಕ್ಕರ್ ಅಂಟಿಸಿ, ಒಳ್ಳೆ ಕನ್ನಡಿ, ಲೈಟ್ ಹಾಕೋಣ ಅಂದುಕೊಂಡಿದ್ದೇನೆ. ಮಾಡಿದವರಿದ್ದರೆ ಹೇಳಿ.

ಮಂಡಕ್ಕಿ_ಖಾರ · ಭಾನುವಾರ ಮಧ್ಯಾಹ್ನ

ಸ್ಟಿಕ್ಕರ್ ಬೇಡ. ನಾನು ಅಂಟಿಸಿದ್ದೆ, ಅಮೃತಶಿಲೆ ಡಿಸೈನಿನದು. ಮೊದಲ ವಾರ ನೆಂಟರು ಬಂದು ಬಚ್ಚಲು ನೋಡಿಕೊಂಡು ಹೋಗುತ್ತಿದ್ದರು. ಬಿಸಿನೀರಿನ ಆವಿಗೆ ನಾಲ್ಕೇ ತಿಂಗಳಲ್ಲಿ ಮೂಲೆಗಳು ಎದ್ದವು. ಕಿತ್ತು ನೋಡಿದರೆ ಹಿಂದೆ ಹಸಿರು ಪಾಚಿ, ಅದರಲ್ಲಿ ಇರುವೆಯ ಸಂಸಾರ. ಆ ಅಂಟು ತೆಗೆಯಲು ಸೀಮೆಎಣ್ಣೆ ಹುಡುಕಿಕೊಂಡು ಅಲೆದದ್ದು ಬೇರೆ ಕಥೆ.

ಪಿವಿಸಿ ಪ್ಯಾನೆಲ್ ಬಗ್ಗೆಯೂ ಅದೇ ಮಾತು. ಒಣಗಿದ ಗೋಡೆಗೆ ಸರಿ. ಬಚ್ಚಲಲ್ಲಿ ಹಿಂದೆ ಸಂದು ಉಳಿದರೆ ಜಿರಳೆಗೆ ಛತ್ರ ಕಟ್ಟಿಸಿಕೊಟ್ಟ ಹಾಗೆ.

ಪಾನಾ_ಸ್ಪ್ಯಾನರ್ · ಭಾನುವಾರ ಸಂಜೆ

ಅಣ್ಣ, ಕನ್ನಡಿ ಕೊನೆಗೆ. ಮೊದಲು ನೀರನ್ನು ನೋಡಿ. ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ. ಹಳೆಯ ಬಚ್ಚಲಿನ ರೋಗಗಳಲ್ಲಿ ಮುಕ್ಕಾಲು ಪಾಲು ಇಷ್ಟೇ. ಇದನ್ನು ಬಿಟ್ಟು ಏನು ಅಂಟಿಸಿದರೂ ಮೇಲಿನವರು ಹೇಳಿದ ಇರುವೆಯ ಸಂಸಾರವೇ ಗತಿ.

ಒಂದು ಪೈಸೆ ಖರ್ಚಿಲ್ಲದೆ ನಾಳೆ ನಾಲ್ಕು ಪರೀಕ್ಷೆ ಮಾಡಿ.

ನೆಲ ಒಣಗಿದಾಗ ಗೋಡೆಯ ಬುಡದಲ್ಲಿ ನಾಲ್ಕು ಚೊಂಬು ನೀರು ಸುರಿಯಿರಿ. ಹತ್ತು ನಿಮಿಷ ಬಿಟ್ಟು ಬಂದು, ಎಲ್ಲಿ ನಿಂತಿದೆಯೋ ಅದರ ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ.

ಫ್ಲಶ್ ಟ್ಯಾಂಕಿಗೆ ಒಂದು ಚಮಚ ಅರಿಶಿನ ಕಲಸಿ ಹಾಕಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಕಮೋಡಿನೊಳಗೆ ಹಳದಿ ಇಳಿದರೆ ಟ್ಯಾಂಕ್ ಸೋರುತ್ತಿದೆ. ನೀರಿನ ಮಟ್ಟ ಒಳಗಿನ ಓವರ್‌ಫ್ಲೋ ಕೊಳವೆಯ ಬಾಯಿ ಮುಟ್ಟಿದ್ದರೆ ತಪ್ಪು ತೇಲುಗುಂಡಿನ ವಾಲ್ವಿನದು. ಮಟ್ಟ ಕೆಳಗಿದ್ದೂ ಹಳದಿ ಇಳಿದರೆ ತಳದ ರಬ್ಬರ್ ಹೋಗಿದೆ.

ಹತ್ತು ರೂಪಾಯಿ ನಾಣ್ಯದಿಂದ ಒಂದೊಂದು ಟೈಲನ್ನೂ ತಟ್ಟಿ. ಗಟ್ಟಿ ಸದ್ದು ಬಂದರೆ ಕೂತಿದೆ. ಡಬ್‌ ಡಬ್‌ ಅಂದರೆ ಕೆಳಗೆ ಟೊಳ್ಳು.

ಕೊನೆಗೆ ಬಚ್ಚಲಿನ ಗೋಡೆಯ ಆಚೆ ಬದಿ ನೋಡಿ. ಅಲ್ಲಿ ಬಣ್ಣ ಉಬ್ಬಿದ್ದರೆ ಒಳಗೆ ಪೈಪ್ ಸೋರುತ್ತಿರಬಹುದು. ಹಾಗಿದ್ದರೆ ಈ ಚರ್ಚೆ ಇಲ್ಲಿಗೇ ನಿಲ್ಲಿಸಿ ಪ್ಲಂಬರನ್ನು ಕರೆಯಿರಿ.

ಕೋಟೆ_ಕಡೆಯವ · ಭಾನುವಾರ ರಾತ್ರಿ

ಚಿತ್ರದುರ್ಗದಿಂದ ಒಂದು ಮಾತು. ನಮ್ಮ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಸಂತೆ ಹೊಂಡ. ಪಂಪಿಲ್ಲ, ಏನಿಲ್ಲ, ಬರೀ ಇಳಿಜಾರು. ಬಂಡೆ ಬೆಟ್ಟದ ಮೇಲೆ ಅವರಿಗೆ ಆದದ್ದು ಏಳಡಿ ಬಚ್ಚಲಲ್ಲಿ ನಮ್ಮ ಮೇಸ್ತ್ರಿಗಳಿಗೆ ಆಗುವುದಿಲ್ಲ ಅಂದರೆ ಏನನ್ನಬೇಕು?

ಲೆಕ್ಕ ಸುಲಭ. ಐದಡಿಗೆ ಒಂದು ಇಂಚಿನಷ್ಟು ಇಳಿಜಾರು ನೀರು ಹೊರಹೋಗುವ ಜಾಲಿಯ ಕಡೆಗೆ ಇದ್ದರೆ ನೀರು ನಿಲ್ಲುವುದಿಲ್ಲ. ಮೂಲೆಯಲ್ಲಿ ಮಾತ್ರ ನಿಲ್ಲುತ್ತಿದ್ದರೆ ಅಷ್ಟೇ ಜಾಗದ ಟೈಲ್ಸ್ ಎತ್ತಿ ಕೂರಿಸಬಹುದು. ಇಡೀ ನೆಲ ಕೀಳಬೇಕಿಲ್ಲ. ಹಳೆ ಟೈಲ್ಸ್ ಮೇಲೇ ಹೊಸ ಟೈಲ್ಸ್ ಅಂಟಿಸಿ ಅಂತ ಕೆಲವರು ಹೇಳುತ್ತಾರೆ. ನೆಲ ಅರ್ಧ ಇಂಚಿಗಿಂತ ಜಾಸ್ತಿ ಏರುತ್ತದೆ. ಜಾಲಿ ಗುಂಡಿಯೊಳಗೆ ಉಳಿಯುತ್ತದೆ, ಬಾಗಿಲು ತೆರೆಯುವುದಿಲ್ಲ. ತಪ್ಪು ಇಳಿಜಾರಿನ ಮೇಲೆ ಹೊಸ ಟೈಲ್ಸ್ ಹಾಕಿದರೆ ಅದೂ ತಪ್ಪು ಇಳಿಜಾರೇ.

ನಿಟುವಳ್ಳಿ_ಮನೆ · ಸೋಮವಾರ ರಾತ್ರಿ

ಪರೀಕ್ಷೆ ಮುಗಿಯಿತು. ಮೂಲೆಯಲ್ಲಿ ಎರಡಡಿ ಚೌಕದಷ್ಟು ಜಾಗದಲ್ಲಿ ನೀರು ನಿಲ್ಲುತ್ತದೆ. ಸರಿಯಾಗಿ ನಾಲ್ಕು ಟೈಲ್. ಆ ನಾಲ್ಕೂ ಡಬ್‌ ಡಬ್‌ ಅನ್ನುತ್ತವೆ. ಗೋಡೆಯ ಟೈಲ್ಸ್ ಎಲ್ಲ ಗಟ್ಟಿ. ಆಚೆ ಬದಿ ಒಣಗಿದೆ.

ಕಮೋಡ್ ಹಳದಿ ಆಯಿತು. ನಾನು ಹೇಳಲು ಮರೆತು ಅಂಗಡಿಗೆ ಹೋಗಿದ್ದೆ. ಅವ್ವ ನೋಡಿ ಗಾಬರಿಯಾಗಿ ಪಕ್ಕದ ಮನೆಯವರನ್ನು ಕರೆದಿದ್ದಾಳೆ. ನಾನು ಬರುವಷ್ಟರಲ್ಲಿ ನನಗೆ ಕಾಮಾಲೆ ಅಂತ ಓಣಿಗೆಲ್ಲ ಸುದ್ದಿ.

ಟ್ಯಾಂಕಿನ ಮಟ್ಟ ಕೆಳಗೇ ಇತ್ತು. ಅಂದರೆ ತಳದ ರಬ್ಬರ್ ಅಲ್ವಾ?

ಪಾನಾ_ಸ್ಪ್ಯಾನರ್ · ಸೋಮವಾರ ರಾತ್ರಿ

ಹೌದು. ರಬ್ಬರ್ ಒಂದನ್ನೇ ಹುಡುಕುವುದಕ್ಕಿಂತ ಒಳಗಿನ ಸೆಟ್ ಪೂರ್ತಿ ಬದಲಾಯಿಸಿ, ನಾನೂರರ ಒಳಗೆ ಬರುತ್ತದೆ. ಹಳೆಯದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಫೋಟೋ ತೋರಿಸಿ ತಂದದ್ದು ಒಂದೂ ಸರಿಹೋಗುವುದಿಲ್ಲ.

ಹಳೇಪೇಟೆ_ಹುಡುಗ · ಮಂಗಳವಾರ ಬೆಳಿಗ್ಗೆ

ಇಷ್ಟೆಲ್ಲ ಯಾಕೆ ಗುರುಗಳೇ? ಒಂದು ಬಾಟಲಿ ಬಾತ್‌ರೂಮ್ ಆಸಿಡ್, ಒಂದು ತಂತಿ ಬ್ರಷ್. ಸುರಿದು ಉಜ್ಜಿದರೆ ಟೈಲ್ಸ್ ಫಳಫಳ. ನಮ್ಮ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಇದೇ ಕೆಲಸ.

ವಿದ್ಯಾನಗರ_ಮೇಡಂ · ಮಂಗಳವಾರ ಮಧ್ಯಾಹ್ನ

ಇದೊಂದಕ್ಕೆ ಉತ್ತರ ಕೊಡಲೇಬೇಕು. ನಾನು ಕೆಮಿಸ್ಟ್ರಿ ಪಾಠ ಹೇಳಿದವಳು.

ಆ ಬಾಟಲಿಯಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಅದು ಕಲೆಯನ್ನು ತಿನ್ನುತ್ತದೆ, ನಿಜ. ಜೊತೆಗೆ ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಸಂದು ಆಳವಾದಷ್ಟೂ ಕೊಳೆ ಜಾಸ್ತಿ ಕೂರುತ್ತದೆ. ಮುಂದಿನ ಅಮಾವಾಸ್ಯೆಗೆ ಇನ್ನೊಂದಿಷ್ಟು ಆಸಿಡ್. ನಿಮ್ಮ ಮನೆಯಲ್ಲಿ ಪ್ರತಿ ತಿಂಗಳೂ ಯಾಕೆ ಬೇಕಾಗುತ್ತಿದೆ ಅಂದರೆ ಕಾರಣ ಇದೇ. ನಲ್ಲಿಯ ಹೊಳಪು ಹೋಗುವುದೂ ಅದರಿಂದಲೇ.

ಕಡಪ ಕಲ್ಲು, ಶಹಾಬಾದ್ ಕಲ್ಲು ಎರಡೂ ಸುಣ್ಣಕಲ್ಲಿನ ಜಾತಿ. ಅವುಗಳ ಮೇಲೆ ಆಸಿಡ್ ಬಿದ್ದರೆ ನೊರೆ ಬರುತ್ತದೆ. ಕೊಳೆ ಹೋಗುತ್ತಿದೆ ಅಂತ ಜನ ಖುಷಿಪಡುತ್ತಾರೆ. ಹೋಗುತ್ತಿರುವುದು ಕಲ್ಲು. ನಿಂಬೆಹಣ್ಣು, ವಿನೆಗರ್ ಕೂಡ ಅವುಗಳಿಗೆ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಬ್ಲೀಚಿಂಗ್ ಪುಡಿ ಹಾಕಿದ ಜಾಗಕ್ಕೆ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ಎರಡನ್ನೂ ಒಂದೇ ದಿನ ಬಳಸಲೇಬೇಡಿ.

ಗೋಡೆಯ ಟೈಲ್ಸ್ ಮತ್ತು ನಲ್ಲಿಯ ಮೇಲಿನ ಬಿಳಿ ಹೊಪ್ಪಳೆಗೆ ನಿಂಬೆ ಉಪ್ಪು ಸಾಕು. ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ. ಹಳೇ ಬನಿಯನ್ ಬಟ್ಟೆ ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ ಕಾಲು ಗಂಟೆ ಬಿಡಿ. ಆಮೇಲೆ ಚೆನ್ನಾಗಿ ತೊಳೆಯಿರಿ. ಕೊಳವೆಬಾವಿ ನೀರಿನ ಸುಣ್ಣ ಹೀಗೆ ಕರಗುತ್ತದೆ.

ಹಳೇಪೇಟೆ_ಹುಡುಗ · ಮಂಗಳವಾರ ಸಂಜೆ

ಮೇಡಂ, ನಮ್ಮ ಹೊಸ್ತಿಲು ಕಡಪ. ಒರಟಾಗಿ ಬೂದಿ ಬಣ್ಣ ಯಾಕೆ ಆಯಿತು ಅಂತ ಈಗ ಗೊತ್ತಾಯಿತು. ಅಪ್ಪ ಕಲ್ಲಿನ ಅಂಗಡಿಯವನನ್ನು ಎರಡು ವರ್ಷದಿಂದ ಬೈಯುತ್ತಿದ್ದಾರೆ.

ನಿಟುವಳ್ಳಿ_ಮನೆ · ಗುರುವಾರ ರಾತ್ರಿ

ಗೋಡೆ ನಿಂಬೆ ಉಪ್ಪಿಗೆ ಬಗ್ಗಿತು. ಮೂರು ಸಲ ಉಜ್ಜಬೇಕಾಯಿತು, ಆದರೆ ಟೈಲ್ಸ್ ನಿಜಕ್ಕೂ ಬಿಳಿ. ನಮ್ಮಲ್ಲಿ ಕುಡಿಯಲು ನಗರಪಾಲಿಕೆಯ ನಲ್ಲಿ ನೀರು, ಬಚ್ಚಲಿಗೆ ಬೋರ್ ನೀರು. ಕುಂದುವಾಡ ಕೆರೆ ನೀರು ಬರುವ ಅಡುಗೆಮನೆಯ ನಲ್ಲಿಗೆ ಇಷ್ಟು ಸುಣ್ಣ ಕಟ್ಟಿಲ್ಲ, ಅದೂ ಅಷ್ಟೇ ಹಳೆಯದು.

ಈಗ ಸಂದು ತುಂಬುವ ವಿಷಯ. ಗೋಡೆಗೂ ನೆಲಕ್ಕೂ ಎಪಾಕ್ಸಿ, ಅಂದರೆ ರಾಳ ಕಲಸಿ ಸಂದು ತುಂಬುವ ಗಾರೆ, ಹಾಕಲಾ? ಹಳೆಯದನ್ನು ತೆಗೆಯುವುದು ಹೇಗೆ? ಮೆಷಿನ್ ಬಾಡಿಗೆ ದಿನಕ್ಕೆ ಆರುನೂರು ಅಂದರು.

ಪಾನಾ_ಸ್ಪ್ಯಾನರ್ · ಗುರುವಾರ ರಾತ್ರಿ

ಮೆಷಿನ್ ಬೇಡ. ಅನುಭವ ಇಲ್ಲದ ಕೈ ಒಂದು ಸಲ ಅಲುಗಿದರೆ ಟೈಲಿನ ಅಂಚು ಹಾರುತ್ತದೆ. ಹ್ಯಾಕ್ಸಾ ಬ್ಲೇಡ್ ಮುರಿದು ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು ಎಳೆಯಿರಿ. ಗೋಡೆಯ ಸಂದು ಕೂದಲೆಳೆಯಷ್ಟು ಇರುತ್ತದೆ, ಅದಕ್ಕೆ ಒಂದು ಬ್ಲೇಡ್ ಸರಿ. ನೆಲದ ಸಂದು ಅಗಲ. ಅಲ್ಲಿ ಎರಡು ಬ್ಲೇಡ್ ಜೋಡಿಸಿ ಟೇಪ್ ಸುತ್ತಿಕೊಳ್ಳಿ. ಎರಡು ಮೂರು ಮಿಲಿಮೀಟರ್ ಆಳ ಬಂದರೆ ಸಾಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್.

ಗೋಡೆಗೆ ಎಪಾಕ್ಸಿ ದಂಡ. ಅಷ್ಟು ಕಿರಿದಾದ ಸಂದಿಗೆ ಅದು ಇಳಿಯುವುದೂ ಇಲ್ಲ. ಸಾಮಾನ್ಯ ಸಿಮೆಂಟ್ ಗ್ರೌಟ್ ಸಾಕು. ದುಡ್ಡನ್ನೆಲ್ಲ ನೆಲಕ್ಕೆ ಹಾಕಿ. ನೀರು ನಿಲ್ಲುವುದೂ ಸೋಪು ಕೂರುವುದೂ ಅಲ್ಲೇ. ಎಪಾಕ್ಸಿ ಹಾಕುವ ಮುಂಚೆ ಸಂದು ಪೂರ್ತಿ ಒಣಗಿರಬೇಕು. ಮಳೆಗಾಲ ಬೇರೆ, ಹೊಸ್ತಿಲ ಆಚೆ ಟೇಬಲ್ ಫ್ಯಾನ್ ಇಟ್ಟು ಒಂದು ರಾತ್ರಿ ಓಡಿಸಿ. ಫ್ಯಾನ್ ಒಳಗೆ ಇಡಬೇಡಿ.

ಇನ್ನೊಂದು. ಮೂಲೆಯ ಆ ನಾಲ್ಕು ಟೈಲ್ ಕೆಲಸ ಮೊದಲು ಮುಗಿಸಿ. ಅದಕ್ಕೆ ಮೇಸ್ತ್ರಿ ಕರೆಯಿರಿ. ಅರ್ಧ ದಿನದ ಕೂಲಿಗೆ ಜಿಪುಣತನ ಮಾಡಬೇಡಿ. ರಸಮಟ್ಟ ಇಟ್ಟು ತೋರಿಸಿ ಅಂತ ಕೇಳಿ, ಕೂರಿಸಿದ ಮೇಲೆ ನಿಮ್ಮ ಎದುರೇ ಒಂದು ಚೊಂಬು ನೀರು ಸುರಿಸಿ. ಹೊಳೆಯುವ ಟೈಲ್ ಬೇಡ, ಒರಟು ಮೈಯದು ತನ್ನಿ.

ಬಾಡಿಗೆ_ಬದುಕು · ಶುಕ್ರವಾರ ಬೆಳಿಗ್ಗೆ

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಬಾಡಿಗೆ ಮನೆಯಲ್ಲಿದ್ದೇನೆ. ಓನರ್ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ನನಗೇನಾದರೂ ಉಪಾಯ?

ಮಂಡಕ್ಕಿ_ಖಾರ · ಶುಕ್ರವಾರ ಬೆಳಿಗ್ಗೆ

ಶವರ್, ಹೆಲ್ತ್ ಫಾಸೆಟ್, ಸೀಟ್ ಕವರ್ ಹೊಸದು ಹಾಕಿಕೊಳ್ಳಿ. ಹಳೆಯದನ್ನು ಕವರಿನಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಮನೆ ಬಿಡುವಾಗ ಅದನ್ನೇ ಹಾಕಿ, ನಿಮ್ಮದು ನೀವು ತಗೊಂಡು ಹೋಗಿ. ಗೋಡೆ ಗ್ರೌಟಿಗೆ ಓನರ್ ಬೇಡ ಅನ್ನುವುದಿಲ್ಲ. ಅವರ ಮನೆಗೇ ಲಾಭ ಅಲ್ವಾ? ಮೊದಲೇ ಒಂದು ಮಾತು ಕೇಳಿ, ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಿ.

ನಿಟುವಳ್ಳಿ_ಮನೆ · ಭಾನುವಾರ ರಾತ್ರಿ

ಮೇಸ್ತ್ರಿ ಶನಿವಾರ ಬಂದು ನಾಲ್ಕು ಟೈಲ್ ಕಿತ್ತು ನೋಡಿದರೆ ಕೆಳಗಿನ ಗಾರೆ ಹಸಿ ಮಣ್ಣಿನ ಹಾಗೆ. ಅದನ್ನು ಕೆರೆದು ತೆಗೆದು, ಗಾರೆ ತುಂಬಿ, ವಾಟರ್‌ಪ್ರೂಫಿಂಗ್ ಬಳಿದು, ಒಣಗಲು ಬಿಟ್ಟು ಇವತ್ತು ಬೆಳಿಗ್ಗೆ ಟೈಲ್ ಅಂಟಿಸಿದರು. ಚೊಂಬಿನ ನೀರು ಜಾಲಿಗೆ ಓಡುತ್ತದೆ. ನಾನು ಐದಾರು ಸಲ ಸುರಿದು ನೋಡಿದೆ, ಸುಮ್ನೆ ಖುಷಿಗೆ.

ನಾಳೆ ರಜೆ. ನಲ್ಲಿ ಬದಲಾಯಿಸುತ್ತೇನೆ. ಅದು ಹತ್ತು ನಿಮಿಷದ ಕೆಲಸ ಅಂತ ವಿಡಿಯೋದಲ್ಲಿ ನೋಡಿದ್ದೇನೆ.

ನಿಟುವಳ್ಳಿ_ಮನೆ · ಸೋಮವಾರ ಬೆಳಿಗ್ಗೆ 11:20

ಯಾರಾದರೂ ಇದ್ದೀರಾ? ನಲ್ಲಿ ತಿರುಗಿಸಿದೆ, ಕೈಗೆ ಬಂತು. ಆದರೆ ಅರ್ಧ ಮಾತ್ರ. ಮರೆ (ತಿರುಪಿನ ಗೀರು) ಇರುವ ಭಾಗ ಗೋಡೆಯೊಳಗಿನ ಎಲ್ಬೋದಲ್ಲೇ (ಪೈಪಿನ ಬಾಗು ಜೋಡಣೆ) ಮುರಿದು ಉಳಿದಿದೆ. ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿದ್ದೆ, ಅದೂ ಹಳೆಯದು, ಪೂರ್ತಿ ಮುಚ್ಚುತ್ತಿಲ್ಲ. ಬೆರಳು ಗಾತ್ರದ ನೀರು ಬರುತ್ತಿದೆ. ಹೆಬ್ಬೆರಳಲ್ಲಿ ಒತ್ತಿ ಹಿಡಿದುಕೊಂಡು ಎಡಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಪಾನಾ_ಸ್ಪ್ಯಾನರ್ · ಸೋಮವಾರ ಬೆಳಿಗ್ಗೆ 11:26

ಗಾಬರಿ ಬೇಡ. ಏನಾದರೂ ಮರದ ತುಂಡು ಚೂಪು ಮಾಡಿ ಬಟ್ಟೆ ಸುತ್ತಿ ಜಡಿಯಿರಿ. ಜೋರಾಗಿ ಹೊಡೆಯಬೇಡಿ. ಆಮೇಲೆ ಮೇಲಿನ ಟ್ಯಾಂಕ್ ಖಾಲಿ ಮಾಡಿ.

ನಿಟುವಳ್ಳಿ_ಮನೆ · ಸೋಮವಾರ ಮಧ್ಯಾಹ್ನ 12:05

ನಿಂತಿತು. ಮರ ಹುಡುಕುವಷ್ಟರಲ್ಲಿ ಅವ್ವ ಒಲೆಗೆ ಇಟ್ಟಿದ್ದ ಮೆಕ್ಕೆಜೋಳದ ಬೆಂಡು ತಂದಳು. ತುದಿ ಕೆತ್ತಿ, ಹಳೇ ಲಂಗದ ಚಿಂದಿ ಸುತ್ತಿ, ತಿರುಗಿಸಿ ತಿರುಗಿಸಿ ತೂರಿಸಿದಳು. ಬೆಂಡು ನೀರು ಕುಡಿದು ಉಬ್ಬಿ ಕಚ್ಚಿಕೊಂಡಿತು. ಒಂದು ಹನಿ ಇಲ್ಲ. "ಹೊಲದಾಗ ಪಂಪಿನ ಪೈಪಿಗೆ ನಿಮ್ಮಪ್ಪ ಇದನ್ನೇ ಹಾಕ್ತಿದ್ದ" ಅಂದಳು.

ಟ್ಯಾಂಕ್ ಖಾಲಿ ಆಗುತ್ತಿದೆ. ಮುಂದೆ?

ಪಾನಾ_ಸ್ಪ್ಯಾನರ್ · ಸೋಮವಾರ ಮಧ್ಯಾಹ್ನ 12:15

ಅವ್ವನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಮುರಿದ ಮರೆ ತೆಗೆಯುವ ಎಕ್ಸ್‌ಟ್ರಾಕ್ಟರ್ ಸಿಗುತ್ತದೆ, ಅರ್ಧ ಇಂಚಿನದು ಕೇಳಿ. ಮುರಿದ ಉಂಗುರದೊಳಗೆ ಬಡಿದು ಕೂರಿಸಿ, ಸ್ಪ್ಯಾನರಿನಲ್ಲಿ ಎಡಕ್ಕೆ ತಿರುಗಿಸಿದರೆ ಬರುತ್ತದೆ. ಸಿಗದಿದ್ದರೆ ಹ್ಯಾಕ್ಸಾ ಬ್ಲೇಡಿನಲ್ಲಿ ಉಂಗುರದ ಒಳಗಿನಿಂದ ಎರಡು ಗೀರು ಹಾಕಿ, ಸ್ಕ್ರೂಡ್ರೈವರಿನಲ್ಲಿ ಒಳಮುಖವಾಗಿ ಮಡಚಿ ತೆಗೆಯಿರಿ. ಎಲ್ಬೋದ ಮರೆಗೆ ಬ್ಲೇಡ್ ತಾಗಬಾರದು.

ಹೊಸ ನಲ್ಲಿಗೆ ಟೆಫ್ಲಾನ್ ಟೇಪ್ ಹತ್ತು ಹನ್ನೆರಡು ಸುತ್ತು. ನಲ್ಲಿಯ ಮರೆ ನಿಮ್ಮ ಮುಖಕ್ಕೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪ್ ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಕೈಯಲ್ಲಿ ಆದಷ್ಟು ತಿರುಗಿಸಿ, ಕೊನೆಗೆ ಒಂದೂವರೆ ಸುತ್ತು ಮಾತ್ರ ಸ್ಪ್ಯಾನರ್. ನಲ್ಲಿ ನೆಟ್ಟಗೆ ಕೂರಲಿಲ್ಲ ಅಂತ ಹಿಂದಕ್ಕೆ ತಿರುಗಿಸಬೇಡಿ. ಬಿಚ್ಚಿ, ಟೇಪ್ ಹೊಸದಾಗಿ ಸುತ್ತಿ. ಹಾಗೇ ಆ ಗೇಟ್ ವಾಲ್ವಿಗೂ ಒಂದು ಗತಿ ಕಾಣಿಸಿ. ಬೇಕಾದಾಗ ಮುಚ್ಚದ ವಾಲ್ವ್ ಇದ್ದರೇನು, ಇಲ್ಲದಿದ್ದರೇನು?

ನಿಟುವಳ್ಳಿ_ಮನೆ · ಸೋಮವಾರ ರಾತ್ರಿ

120 ರೂಪಾಯಿಯ ಎಕ್ಸ್‌ಟ್ರಾಕ್ಟರ್. ಎರಡು ಅಂಗಡಿಯಲ್ಲಿ ಇಲ್ಲ ಅಂದರು, ಮಂಡಿಪೇಟೆಯಲ್ಲಿ ಸಿಕ್ಕಿತು. ಕಟಕ್ ಅಂತ ಸದ್ದಾಗಿ ಉಂಗುರ ಬಂತು. ಹತ್ತು ನಿಮಿಷದ ಕೆಲಸಕ್ಕೆ ಏಳು ಗಂಟೆ. ಎರಡನೇ ನಲ್ಲಿ ತೆಗೆಯುವಾಗ ಕೈ ನಡುಗುತ್ತಿತ್ತು, ಅದು ಸಲೀಸಾಗಿ ಬಂತು.

ಕರೆಂಟ್_ಕೆಲಸ · ಮಂಗಳವಾರ ಬೆಳಿಗ್ಗೆ

ಇಷ್ಟು ದಿನ ಓದುತ್ತಿದ್ದೆ. ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲ. ಸಂದು ಕಪ್ಪಾಗುವುದಕ್ಕೆ ಅರ್ಧ ಕಾರಣ ಸ್ನಾನದ ಆವಿ ಹೊರಗೆ ಹೋಗದೆ ಇರುವುದು. ವೆಂಟಿಲೇಟರಿನ ಅಡ್ಡ ಗಾಜುಗಳಲ್ಲಿ ಎರಡು ಮೂರು ತೆಗೆದು, ಆ ಜಾಗಕ್ಕೆ ಪ್ಲೈವುಡ್ ಇಟ್ಟು ಆರಿಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಗೋಡೆ ಒಡೆಯುವುದೇ ಬೇಡ. ಬಾಗಿಲ ಕೆಳಗೆ ಅರ್ಧ ಇಂಚು ಸಂದು ಇರಲಿ. ಒಳಗೆ ಗಾಳಿ ಬರದಿದ್ದರೆ ಫ್ಯಾನ್ ಹೊರಗೆ ಏನನ್ನು ತಳ್ಳುತ್ತದೆ? ಸ್ನಾನ ಆದ ಮೇಲೆ ಇಪ್ಪತ್ತು ನಿಮಿಷ ಓಡಲಿ.

ಫ್ಯಾನ್ ಕೂರಿಸುವುದು ನೀವು, ವೈರ್ ಮುಟ್ಟುವುದು ಎಲೆಕ್ಟ್ರಿಷಿಯನ್. ಇದರಲ್ಲಿ ಮಾತ್ರ ನಾನೇ ಮಾಡುತ್ತೇನೆ ಅನ್ನಬೇಡಿ. ಸ್ವಿಚ್ ಬಚ್ಚಲಿನ ಹೊರಗಿರಲಿ. ಅವರು ಬಂದಾಗ ಗೀಸರನ್ನೂ ತೋರಿಸಿ. ಎರಡು ಸಾವಿರ ವಾಟ್‌ನ ಗೀಸರ್ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಅದನ್ನು ಆರು ಆಂಪಿಯರಿನ ಸಣ್ಣ ಪ್ಲಗ್ಗಿಗೆ ಸಿಕ್ಕಿಸಿದ ಮನೆಗಳನ್ನು ನಾನು ಈಗಲೂ ನೋಡುತ್ತೇನೆ. ಪ್ಲಗ್ ಕಂದಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಅದೇ ಕಥೆ. ಹದಿನಾರು ಆಂಪಿಯರಿನ ಪಾಯಿಂಟ್, ಸರಿಯಾದ ಅರ್ಥಿಂಗ್ ಬೇಕು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಕನ್ನಡಿಯ ದುಡ್ಡು ಉಳಿಸಿ ಅದನ್ನು ಹಾಕಿಸಿ.

ನಿಟುವಳ್ಳಿ_ಮನೆ · ಮಂಗಳವಾರ ರಾತ್ರಿ

ಆರ್‌ಸಿಸಿಬಿ ಇದೆ, ಅರ್ಥಿಂಗ್ ಇದೆ, ಗೀಸರ್ ಪಾಯಿಂಟ್ ದೊಡ್ಡದೇ. ಬದುಕಿದೆ.

ನಿಟುವಳ್ಳಿ_ಮನೆ · ಶನಿವಾರ ರಾತ್ರಿ

ಎಪಾಕ್ಸಿ ಹಾಕಿದೆ. ಇದರಲ್ಲಿ ನನ್ನ ತಪ್ಪನ್ನು ವಿವರವಾಗಿ ಬರೆಯುತ್ತೇನೆ, ಬೇರೆಯವರ 700 ರೂಪಾಯಿ ಉಳಿಯಲಿ.

ಒಂದು ಕಿಲೋ ಕಿಟ್ಟಿನಲ್ಲಿ ರಾಳ, ಗಟ್ಟಿ ಮಾಡುವ ದ್ರವ, ಪುಡಿ ಮೂರೂ ಬೇರೆ ಬೇರೆ ಇರುತ್ತವೆ. ನಾನು ಚಪಾತಿ ಹಿಟ್ಟಿನ ಹಾಗೆ ಒಂದೇ ಸಲಕ್ಕೆ ಪೂರ್ತಿ ಕಲಸಿದೆ. ಅರ್ಧ ಗಂಟೆಗೆ ಡಬ್ಬಿ ಬಿಸಿಯಾಗತೊಡಗಿತು. ನೋಡುನೋಡುತ್ತಿದ್ದ ಹಾಗೆ ಕಲ್ಲು. ಮೂರನೇ ಒಂದು ಭಾಗವೂ ನೆಲಕ್ಕೆ ಹೋಗಿರಲಿಲ್ಲ. ಟೈಲ್ ಮೇಲೆ ಉಳಿದ ತೆಳು ಪದರವನ್ನು ಆಮೇಲೆ ಒರೆಸಿದರಾಯಿತು ಅಂದುಕೊಂಡಿದ್ದೆ. ಅದು ಈಗ ಹಾಲು ಚೆಲ್ಲಿ ಒಣಗಿದ ಹಾಗೆ ಕಾಣುತ್ತಿದೆ. ಬ್ಲೇಡಿನಲ್ಲಿ ಕೆರೆದು ಸುಮಾರು ತೆಗೆದೆ, ಬಾಗಿಲ ಹತ್ತಿರ ಇನ್ನೂ ಇದೆ.

ಎರಡನೇ ಕಿಟ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ನಾಲ್ಕು ಪಾಲು ಮಾಡಿದೆ. ಒಂದು ಪಾಲು ಕಲಸುವುದು, ತುಂಬುವುದು, ಆಗಲೇ ಒದ್ದೆ ಸ್ಪಂಜಿನಲ್ಲಿ ಒರೆಸುವುದು. ಆಮೇಲೆ ಮುಂದಿನ ಪಾಲು. ಹೀಗೆ ಮಾಡಿದ ಜಾಗ ಅಂಗಡಿಯ ಫೋಟೋ ತರಹ ಬಂದಿದೆ. ಕೈಗೆ ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ.

ಎರಡು ದಿನ ಚಿಕ್ಕಪ್ಪನ ಮನೆಯಲ್ಲಿ ಸ್ನಾನ. ಚಿಕ್ಕಮ್ಮ ಇಬ್ಬರಿಗೂ ಎಣ್ಣೆ ಹಚ್ಚಿಯೇ ಬಿಟ್ಟಳು.

ವಿದ್ಯಾನಗರ_ಮೇಡಂ · ಭಾನುವಾರ ಬೆಳಿಗ್ಗೆ

ಬಿಸಿಯಾದದ್ದು ಸಹಜ. ರಾಳ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ರಾಶಿ ದೊಡ್ಡದಾದಷ್ಟೂ ಶಾಖ ಒಳಗೇ ಉಳಿದು ಇನ್ನೂ ಬೇಗ ಗಟ್ಟಿಯಾಗುತ್ತದೆ. ನಿಮ್ಮ ನಾಲ್ಕು ಪಾಲಿನ ಲೆಕ್ಕ ಸರಿ.

ಜಾರಿದ ಅವ್ವನಿಗೆ ಹಿಡಿದುಕೊಳ್ಳಲು ಗೋಡೆಗೆ ಒಂದು ಹಿಡಿಕೆ ಬೇಡವೇ? ಎಲ್ಲರೂ ಟೈಲ್ಸ್ ಹಿಂದೆ ಬಿದ್ದಿದ್ದೀರಿ.

ಪಾನಾ_ಸ್ಪ್ಯಾನರ್ · ಭಾನುವಾರ ಬೆಳಿಗ್ಗೆ

ಮೇಡಂ ಕೇಳಿದ್ದು ಸರಿ. ರಬ್ಬರಿನಿಂದ ಗೋಡೆಗೆ ಕಚ್ಚುವ ಹಿಡಿಕೆ ತರಬೇಡಿ. ಬೇಕಾದ ದಿನವೇ ಅದು ಕೈಕೊಡುತ್ತದೆ. ಸ್ಟೀಲಿನದು, ಸ್ಕ್ರೂ ಹಾಕುವಂಥದ್ದು. ಅವ್ವನನ್ನು ಬಚ್ಚಲಲ್ಲಿ ನಿಲ್ಲಿಸಿ, ಜಾರಿದರೆ ಕೈ ಎಲ್ಲಿಗೆ ಹೋಗುತ್ತದೆ ನೋಡಿ, ಅಲ್ಲೇ ಗುರುತು ಹಾಕಿ. ಪುಸ್ತಕದ ಅಳತೆ ಅಲ್ಲ.

ಟೈಲ್ ತೂತು ಮಾಡುವಾಗ ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಬಿಟ್ ಜಾರುವುದಿಲ್ಲ. ಟೈಲ್ ದಾಟುವವರೆಗೆ ಟೈಲ್ ಬಿಟ್, ಹ್ಯಾಮರ್ ಬಟನ್ ಆಫ್. ಇಟ್ಟಿಗೆ ಸಿಕ್ಕ ಮೇಲೆ ಗೋಡೆ ಬಿಟ್, ಆಗ ಹ್ಯಾಮರ್. ನಲ್ಲಿಯ ನೇರ ಮೇಲೆ, ನೇರ ಕೆಳಗೆ ಎಲ್ಲೂ ಕೊರೆಯಬೇಡಿ, ಪೈಪ್ ಅಲ್ಲೇ ಹೋಗಿರುತ್ತದೆ. ಹಾಕಿದ ಮೇಲೆ ನೀವೇ ಪೂರ್ತಿ ಭಾರ ಬಿಟ್ಟು ಜೋತು ಬೀಳಿ.

ಕಮೋಡಿನ ಬುಡಕ್ಕೆ ಸಿಲಿಕಾನ್ ಎಳೆಯುವಾಗ ಹಿಂಬದಿ ಎರಡು ಬೆರಳಿನಷ್ಟು ಜಾಗ ಖಾಲಿ ಬಿಡಿ. ಕೆಳಗೆ ಎಂದಾದರೂ ಸೋರಿದರೆ ನೀರು ಅಲ್ಲಿಂದ ಹೊರಗೆ ಬಂದು ಹೇಳುತ್ತದೆ. ಸುತ್ತ ಮುಚ್ಚಿಬಿಟ್ಟರೆ ನಿಮಗೆ ಗೊತ್ತೇ ಆಗುವುದಿಲ್ಲ.

ಮೂರನೇ_ಮಹಡಿ · ಸೋಮವಾರ ಮಧ್ಯಾಹ್ನ

ನನ್ನದು ಅಪಾರ್ಟ್‌ಮೆಂಟ್. ಕೆಳಗಿನ ಮನೆಯ ಚಾವಣಿಯಲ್ಲಿ ಒದ್ದೆ ಕಲೆ. ಎಪಾಕ್ಸಿ ಹಾಕಿದರೆ ನಿಲ್ಲುತ್ತದಾ?

ಪಾನಾ_ಸ್ಪ್ಯಾನರ್ · ಸೋಮವಾರ ಸಂಜೆ

ನಿಲ್ಲಬಹುದು, ನಿಲ್ಲದೆಯೂ ಇರಬಹುದು. ಮೊದಲು ಎಲ್ಲಿಂದ ಅಂತ ಹಿಡಿಯಿರಿ. ಬಚ್ಚಲು ಎರಡು ದಿನ ಬಳಸಬೇಡಿ, ನಲ್ಲಿಯ ವಾಲ್ವ್ ಮಾತ್ರ ತೆರೆದೇ ಇರಲಿ. ಆಗಲೂ ಕಲೆ ಹಸಿಯಾಗಿದ್ದರೆ ಪೈಪ್. ಒಣಗಿದರೆ ಜಾಲಿಗೆ ಬಟ್ಟೆ ತುರುಕಿ ನೆಲದ ಮೇಲೆ ಒಂದು ಇಂಚು ನೀರು ಇಪ್ಪತ್ನಾಲ್ಕು ಗಂಟೆ ನಿಲ್ಲಿಸಿ. ಆಗ ಕಲೆ ಬಂದರೆ ನೆಲ. ಮಹಡಿ ಮನೆಯ ನೆಲ ಸೋರಿದರೆ ವಾಟರ್‌ಪ್ರೂಫಿಂಗ್ ಮಾಡಿಸಲೇಬೇಕು. ಹತ್ತು ಸಾವಿರದ ಕೆಲಸ ಅಲ್ಲ ಅದು.

ನಿಟುವಳ್ಳಿ_ಮನೆ · ಗುರುವಾರ ರಾತ್ರಿ

ಮುಗಿಯಿತು. ಹಬ್ಬಕ್ಕೆ ಎರಡು ದಿನ ಮುಂಚೆ.

ಲೆಕ್ಕ ಕೇಳಿದವರಿಗೆ: ಎರಡು ಹಿತ್ತಾಳೆ ನಲ್ಲಿ, ಎರಡು ಆಂಗಲ್ ಕಾಕ್, ಹೆಲ್ತ್ ಫಾಸೆಟ್ ಸೇರಿ 2,350. ಹಾಳು ಮಾಡಿದ್ದೂ ಸೇರಿ ಎಪಾಕ್ಸಿ, ಗೋಡೆಯ ಗ್ರೌಟ್, ಸಿಲಿಕಾನ್, ಅದರ ಗನ್ 1,890. ಫ್ಯಾನ್ ಮತ್ತು ಎಲೆಕ್ಟ್ರಿಷಿಯನ್ 2,150. ಮೇಸ್ತ್ರಿ, ಅಂಟಿನ ಚೀಲ 1,150. ನಾಲ್ಕು ಒರಟು ಟೈಲ್ ಚಿಕ್ಕಪ್ಪನ ಮನೆಯಲ್ಲಿ ಉಳಿದಿದ್ದವು, ಬಣ್ಣ ಸ್ವಲ್ಪ ಬೇರೆ. ಹಿಡಿಕೆ 850. ಕನ್ನಡಿ, ಎಲ್‌ಇಡಿ ಲೈಟ್ 950. ಫ್ಲಶ್ ಸೆಟ್, ಬಾಗಿಲ ಬುಡಕ್ಕೆ ಅಲ್ಯೂಮಿನಿಯಂ ತಗಡು, ಚಾವಣಿಗೆ ಬಣ್ಣ 1,030. ಎಕ್ಸ್‌ಟ್ರಾಕ್ಟರ್ 120. ಒಟ್ಟು 10,490. ಗೇಟ್ ವಾಲ್ವ್ ಮುಂದಿನ ತಿಂಗಳ ಸಂಬಳಕ್ಕೆ.

ಹಿಡಿಕೆಗೆ ನಾನು ಜೋತು ಬಿದ್ದೆ, ತಮ್ಮ ಜೋತು ಬಿದ್ದ. ಅವನು 84 ಕಿಲೋ. ಅಲುಗಲಿಲ್ಲ. ಅವ್ವ ಎರಡು ದಿನ ಅದನ್ನು ಮುಟ್ಟಲಿಲ್ಲ, ಟವೆಲ್ ಹಾಕುವುದಕ್ಕೆ ಅಂದುಕೊಂಡಿದ್ದಳಂತೆ. ಇವತ್ತು ಬೆಳಿಗ್ಗೆ ಹೊರಗೆ ನಿಂತು ಕೇಳಿಸಿಕೊಂಡೆ. ಬಳೆ ಸ್ಟೀಲಿಗೆ ತಾಗಿ ಟಿಣ್ ಅಂತು.

ಮಂಡಕ್ಕಿ_ಖಾರ · ಗುರುವಾರ ರಾತ್ರಿ

ಫೋಟೋ ನೋಡಿದೆ. ಚೆನ್ನಾಗಿದೆ. ಆದರೆ ವೆಂಟಿಲೇಟರ್ ಕಟ್ಟೆಯ ಮೇಲೆ ಅದೇನು ಕಂದು ಬಣ್ಣದ್ದು? ಸೋಪಾ?

ನಿಟುವಳ್ಳಿ_ಮನೆ · ಗುರುವಾರ ರಾತ್ರಿ

ಅದು ಬೆಂಡು. ಎಸೆಯಲು ಹೋದೆ, ಅವ್ವ ಬಿಡಲಿಲ್ಲ. ಅಡುಗೆಮನೆಯ ನಲ್ಲಿಯೂ ಅದೇ ವರ್ಷದ್ದು ಅಂದಳು.